ಚಿಕ್ಕತಾಯಮ್ಮನ ಏಳು ಹುಣಸೆ ಬೀಜ

1959ನೇ ಇಸವಿ ಫೆಬ್ರವರಿ 12, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹರವೆಯಲ್ಲಿ ನಾನು ಬಾಡಿಗೆಗಿರುವ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ನಾಲ್ವರು ಹೆಂಗಸರು ಚಾಪೆ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಳಿ ವಾಸನೆ ದೂರದಿಂದಲೇ ಬಂತು. ದಾಟಿ ಹೋಗಬೇಕಾದವಳು ನಿಂತೆ. ನಿಂತು, ಚಾಪೆಯಿಂದಾಚೆ ಮಣ್ಣಿಗೆ ಸಿಡಿದಿದ್ದ ಬೀಜಗಳನ್ನು ಎಣಿಸತೊಡಗಿದೆ. ಏಳಕ್ಕೆ ಬಂದಾಗ ನಿಲ್ಲಿಸಿದೆ.

"ಏನ್ ಮೇಡಮ್ಮೋರೆ, ಏನಾರ ಬಿದ್ದೋಯ್ತಾ?" ಎಂದು ಅವರಲ್ಲೊಬ್ಬಳು ಕೇಳಿದಳು.

ಇಲ್ಲವೆಂದು ಹೇಳಿ ನಡೆದೆ. ಆ ದಿನ ಮೂರನೇ ಕ್ಲಾಸಿನ ಹಾಜರಿಯನ್ನು ಎರಡು ಸಲ ತಪ್ಪು ಕೂಗಿದೆ. ಸಂಜೆ ಮನೆಗೆ ಬಂದವಳೇ ಟ್ರಂಕಿನ ತಳದಲ್ಲಿದ್ದ 1955ರ ಡೈರಿ ತೆಗೆದೆ. ಅದರ ಪಕ್ಕದಲ್ಲೇ ಒಂದು ತಗಡಿನ ಪೆಟ್ಟಿಗೆ ಇದೆ. ಅದು ನನ್ನದಲ್ಲ. ಅದು ನನ್ನ ಬಳಿ ಏಕಿದೆ ಎಂಬುದನ್ನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಈಗ ಬರೆಯುತ್ತೇನೆ.

ಆಗ ನನಗೆ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ಅಪ್ಪ ಚಾಮರಾಜನಗರ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ದಿನಕ್ಕೆ ಬಂದು ಹೋಗುವ ನಾಲ್ಕಾರು ಗಾಡಿಗಳ ಹೊತ್ತನ್ನು ಅವರು ಸ್ಟೇಷನ್ನಿನ ಪುಸ್ತಕದಲ್ಲಷ್ಟೇ ಅಲ್ಲ, ಮನೆಯ ಕ್ಯಾಲೆಂಡರಿನ ಮೇಲೂ ಗುರುತು ಹಾಕುತ್ತಿದ್ದರು. ತಾರೀಖು, ಗಂಟೆ ಹಾಕಿ ಬರೆಯುವ ಚಾಳಿ ನನಗೆ ಅವರಿಂದಲೇ ಬಂದದ್ದು. ಗಾಡಿ ಲೇಟಾದ ದಿನ ಮನೆಗೆ ಬಂದು ನಗುತ್ತಾ ಒಂದೇ ಮಾತು ಹೇಳುತ್ತಿದ್ದರು: "ನಮ್ಮದು ಕೊನೇ ಸ್ಟೇಷನ್ ನೋಡಮ್ಮ. ದಾರಿಯಲ್ಲಿ ಯಾರು ತಡ ಮಾಡಿದರೂ ಬೈಸಿಕೊಳ್ಳೋನು ನಾನೇ." ಆ ಮಾತನ್ನು ನಾನು ಡೈರಿಯಲ್ಲಿ ಒಂದು ಸಲವೂ ಬರೆದುಕೊಳ್ಳಲಿಲ್ಲ. ಅದರಲ್ಲಿ ಬರೆಯುವಂಥದ್ದೇನಿದೆ ಎಂದುಕೊಂಡಿದ್ದೆ.

ಆ ವರ್ಷ ಊರಿನ ಕೆಲವರು ಸೇರಿ ತಾಯಿ ಮಕ್ಕಳ ಕ್ಷೇಮಕ್ಕೆಂದು ಒಂದು ಸಮಿತಿ ಕಟ್ಟಿದ್ದರು. ಕಾರ್ಯದರ್ಶಿ ಶಿವಬಸಪ್ಪನವರು ರೇಷ್ಮೆಗೂಡಿನ ವ್ಯಾಪಾರಿ. ಹಣೆಯಲ್ಲಿ ವಿಭೂತಿ, ಬಿಳಿ ಪಂಚೆ, ತುಂಬು ತೋಳಿನ ಅಂಗಿ, ದೊಡ್ಡ ಧ್ವನಿ. ಅವರ ಹಿರಿ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ. ಆದರೆ ಸಮಿತಿ ಹುಟ್ಟಿದ್ದೇ ಆ ಸಾವಿನಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೈಸೂರಿನ ಕೆಲವು ದಾನಿಗಳು ಹನ್ನೊಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು. ಒಂದೊಂದರಲ್ಲೂ ಕತ್ತರಿ, ಕಾರ್ಬಾಲಿಕ್ ಸೋಪು, ಹೊಕ್ಕುಳಿಗೆ ಕಟ್ಟುವ ದಾರ, ಹತ್ತಿ, ಉಗುರು ತಿಕ್ಕುವ ಬ್ರಷ್ಷು, ಒಂದು ಏಪ್ರನ್, ಹೀಗೆ ಒಟ್ಟು ಒಂಬತ್ತು ಸಾಮಾನು. ಹನ್ನೊಂದು ಹಳ್ಳಿಗಳ ಹನ್ನೊಂದು ಸೂಲಗಿತ್ತಿಯರಿಗೆ ಒಬ್ಬ ನರ್ಸಮ್ಮನಿಂದ ಎರಡು ವಾರ ತರಬೇತಿ ಕೊಡಿಸಿ ಪೆಟ್ಟಿಗೆ ಹಂಚಿದ್ದರು. ಸಂತೆಮರಹಳ್ಳಿ ಕಡೆ ನಾಲ್ವರು, ಹರವೆ ಕಡೆ ಮೂವರು, ಗುಂಡ್ಲುಪೇಟೆ ಕಡೆ ನಾಲ್ವರು.

ಜೂನ್ 6, ಸೋಮವಾರ ನಾನು ಕೆಲಸಕ್ಕೆ ಸೇರಿದೆ. ಕಚೇರಿ ಎಂದರೆ ಗೂಡಿನ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ಒಣಗಿದ ಹುಳದ ವಾಸನೆ ಯಾವಾಗಲೂ ಮೇಲೆ ಬರುತ್ತಿತ್ತು. ಶಿವಬಸಪ್ಪನವರು ನನ್ನನ್ನು ಕೂರಿಸಿ ವರ್ಷದ ಯೋಜನೆ ಹೇಳಿದರು. ಪೆಟ್ಟಿಗೆ ಇರುವುದು ಹನ್ನೊಂದೇ. ಬೇಕು ಎನ್ನುವ ಹಳ್ಳಿಗಳು ಇನ್ನೂ ಎಷ್ಟೋ. ಆದ್ದರಿಂದ ಪೆಟ್ಟಿಗೆ ಯಾರ ಕೈಯಲ್ಲಿ ಸಾರ್ಥಕವಾಗಿದೆ ಎಂದು ಗೊತ್ತಾಗಬೇಕು. ಹುಟ್ಟಿದ ಹತ್ತು ಕೂಸಿನಲ್ಲಿ ಒಂಬತ್ತಾದರೂ ಹತ್ತನೇ ದಿನ ಉಸಿರಾಡುತ್ತಿರಬೇಕು. ಇದು ಗುರಿ. ನವೆಂಬರಿನಲ್ಲಿ ಸಭೆ ಸೇರಿ, ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿರುವವಳ ಪೆಟ್ಟಿಗೆ ತೆಗೆದು ಬೇರೊಬ್ಬಳಿಗೆ ಕೊಡುವುದು. ಬುಟ್ಟಿಯಲ್ಲಿ ಕೆಟ್ಟ ಗೂಡನ್ನು ಕೈಯಲ್ಲಿ ಆರಿಸಿ ತೆಗೆಯುವವರು ಅವರು. ಇದೂ ಅದೇ ಥರದ ಕೆಲಸ ಎನ್ನುವ ಧಾಟಿಯಲ್ಲಿ ಹೇಳಿದರು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಲೆಕ್ಕ ಇಡುವ ಕೆಲಸ ಸಿಕ್ಕಿತೆಂದು ಆ ದಿನ ಮನೆಯವರೆಗೂ ಓಡುನಡಿಗೆಯಲ್ಲೇ ಹೋದೆ.

ಮೊದಲ ತೊಡಕು, ಹನ್ನೊಂದು ಜನರಲ್ಲಿ ಯಾರಿಗೂ ಬರೆಯಲು ಬಾರದು. ಮೂರು ದಿನ ಯೋಚಿಸಿ ಒಂದು ಉಪಾಯ ಮಾಡಿದೆ. ಬದುಕಿದ ಕೂಸಿಗೆ ಒಂದು ಅವರೆಕಾಳು. ಹತ್ತು ದಿನದೊಳಗೆ ತೀರಿಕೊಂಡರೆ ಹುಣಸೆ ಬೀಜ. ತಾಯಿಯೇ ಹೋದರೆ ಒಂದು ಗುಲಗಂಜಿ. ಪೆಟ್ಟಿಗೆಯೊಳಗೆ ಹಾಕಿಡುವುದು, ತಿಂಗಳಿಗೊಮ್ಮೆ ನಾನು ಬಂದು ಎಣಿಸುವುದು. ಇದನ್ನು ಗುಂಡ್ಲುಪೇಟೆಯ ಛತ್ರದ ಜಗಲಿಯಲ್ಲಿ ಆ ಕಡೆಯ ನಾಲ್ವರಿಗೆ ವಿವರಿಸಿದೆ. ಆಮೇಲೆ ನಂಜಮ್ಮ ಎಂಬಾಕೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತಳು. ಗುಂಡ್ಲುಪೇಟೆಗೆ ಅಂಟಿಕೊಂಡ ಹಳ್ಳಿಯವಳು, ದಪ್ಪ ಮೈ, ಮನೆ ತುಂಬ ಮೊಮ್ಮಕ್ಕಳು.

"ನಿಂಗ್ ಮದ್ವೆ ಆಗದಾ ಮಗ?" ಎಂದಳು.

ಇಲ್ಲವೆಂದೆ.

"ಮದ್ವೆನೇ ಕಾಣ್ದೋಳು ನಮ್ಗೆ ಹೆರಿಗೆ ಲೆಕ್ಕ ಕೇಳಾಕೆ ಬಂದದೆ ನೋಡ್ರವ್ವ" ಎಂದು ಉಳಿದವರ ಕಡೆ ತಿರುಗಿದಳು. ಜಗಲಿಯಲ್ಲಿ ನಗು ಎದ್ದಿತು. ಅಂದಿನಿಂದ ನನಗೆ ಲೆಕ್ಕದವ್ವ ಎಂದೇ ಹೆಸರಾಯಿತು.

ನಗು ನಿಂತ ಮೇಲೆ ಅವರು ಒಂದು ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಬದುಕಿದ ಕೂಸಿನ ಕಾಳಿನ ಜೊತೆ ಸತ್ತದ್ದರ ಬೀಜ ಒಂದೇ ಕಡೆ ಇರಬಾರದು. ನಾನು ಮನೆಗೆ ಬಂದು ಅಮ್ಮನ ಹಳೇ ಸೀರೆಯಲ್ಲಿ ಹನ್ನೊಂದು ಚೀಲ ಹೊಲಿದೆ. ಒಂದೊಂದಕ್ಕೂ ಎರಡು ಜೇಬು, ನಡುವೆ ದಪ್ಪ ಹೊಲಿಗೆ. ಅದಕ್ಕೆ ಒಪ್ಪಿದರು.

ಆ ನಾಲ್ವರಲ್ಲಿ ನಗದೆ ಕೂತಿದ್ದವಳು ಚಿಕ್ಕತಾಯಮ್ಮ. ಬಂಡೀಪುರದ ರಸ್ತೆಯಲ್ಲಿ ಹೋಗಿ, ಅಲ್ಲಿಂದ ಎರಡು ಮೈಲಿ ಒಳಗೆ ನಡೆದರೆ ಸಿಗುವ ಕಾಡಂಚಿನ ಊರಿನವಳು. ಐವತ್ತರ ಆಸುಪಾಸು. ಗಂಡ ಇಲ್ಲ, ಮಕ್ಕಳಿಲ್ಲ. ಎಡಗೈ ಕಿರುಬೆರಳು ಯಾವಾಗಲೋ ಮುರಿದು ಮಡಚಿಕೊಂಡೇ ಇತ್ತು. ಆ ಕೈಯನ್ನು ಮಡಿಲಲ್ಲಿಟ್ಟು ಇನ್ನೊಂದು ಕೈಯಿಂದ ಉಜ್ಜುತ್ತಾ ಕೂರುತ್ತಿದ್ದಳು. ಪೆಟ್ಟಿಗೆಯನ್ನು ಅಷ್ಟು ಚೊಕ್ಕಟವಾಗಿ ಇಟ್ಟವರು ಬೇರೆ ಯಾರೂ ಇರಲಿಲ್ಲ. ಕತ್ತರಿಗೆ ತುಕ್ಕು ಹಿಡಿಯದಂತೆ ಹರಳೆಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿರುತ್ತಿದ್ದಳು.

ಜುಲೈ ತಿಂಗಳ ಎಣಿಕೆಯಲ್ಲಿ ಗುಂಡ್ಲುಪೇಟೆ ಕಡೆಯ ಕಾಳುಗಳು ನಾನು ಹಳ್ಳಿಗಳಲ್ಲಿ ಕೇಳಿ ತಿಳಿದ ಹೆರಿಗೆಗಳಿಗಿಂತ ಮೂರು ಹೆಚ್ಚು ಬಂದವು. ಎರಡು ಸಲ ಎಣಿಸಿದೆ. ಛತ್ರದ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಕೊನೆಗೆ ಕೇಳಿದಾಗ ತಿಳಿಯಿತು: ಕೆಲವು ಹೆರಿಗೆಗೆ ಇಬ್ಬರು ಹೋಗಿದ್ದಾರೆ, ಇಬ್ಬರೂ ಕಾಳು ಹಾಕಿದ್ದಾರೆ. ಒಂದು ಕೂಸಿಗೆ ಎರಡು ಕಾಳು. ನನ್ನ ಲೆಕ್ಕ ಹೀಗೆ ಕಲಬೆರಕೆಯಾಗುವುದನ್ನು ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ, ಆ ಕ್ಷಣದಲ್ಲೇ ಒಂದು ನಿಯಮ ಮಾಡಿದೆ. ಎಷ್ಟು ಜನ ಇದ್ದರೂ ಸರಿ, ಹೊಕ್ಕುಳಬಳ್ಳಿ ಕೊಯ್ದವರು ಮಾತ್ರ ಕಾಳು ಹಾಕಬೇಕು. ಬಳ್ಳಿ ಕೊಯ್ಯುವುದು ಒಬ್ಬಳೇ, ಒಂದೇ ಸಲ. ಇದಕ್ಕಿಂತ ಖಚಿತವಾದದ್ದು ಇನ್ನೇನಿದೆ?

ನಂಜಮ್ಮ ತಲೆಯಾಡಿಸಿದಳು. ಇನ್ನಿಬ್ಬರೂ ಆಯಿತೆಂದರು. ಚಿಕ್ಕತಾಯಮ್ಮ ಒಂದೇ ಪ್ರಶ್ನೆ ಕೇಳಿದಳು.

"ಕೊಯ್ದೋರೇ ಅಂದ್ರೆ, ಕೊನೇಲಿ ಬಂದೋರೂವೆ?"

"ಹೌದು. ಯಾವಾಗ ಬಂದರೂ ಸರಿ, ಕೊಯ್ದವರು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆಗ್ಲಿ ಬುಡವ್ವ" ಎಂದಳು.

ಡೈರಿಯಲ್ಲಿ ಅಂದು ಬರೆದದ್ದು: "ನಿಯಮ ಜಾರಿ. ಎಲ್ಲರ ಒಪ್ಪಿಗೆ ಇದೆ."

ಆ ವರ್ಷ ಮಳೆ ಒಂದೇ ಹದದಲ್ಲಿ ಬೀಳಲಿಲ್ಲ. ವಾರಗಟ್ಟಲೆ ಮೋಡ ಕಟ್ಟಿ ಬಂಡೀಪುರದ ಕಡೆಗೆ ಸರಿದು ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಮಧ್ಯಾಹ್ನ ಸುರಿದು ರಸ್ತೆಯನ್ನೆಲ್ಲ ಕೆಸರು ಮಾಡುತ್ತಿತ್ತು. ಬಸ್ಸಿಗಾಗಿ ಕಾಯ್ದ ಹೊತ್ತನ್ನೂ ಬರೆದಿಟ್ಟಿದ್ದೇನೆ: ಆಗಸ್ಟ್ ಒಂದೇ ತಿಂಗಳಲ್ಲಿ ಹದಿನೇಳು ಗಂಟೆ. ಕೂತು ಕಾಯಲು ನನಗೆ ಆಗುತ್ತಿರಲಿಲ್ಲ. ಬಸ್ಸು ಬರುವ ದಿಕ್ಕಿಗೆ ಒಂದು ಮೈಲಿ ನಡೆದು ಹೋಗಿ, ಅಲ್ಲಿ ಕೈ ಅಡ್ಡ ಹಾಕಿ ಹತ್ತುತ್ತಿದ್ದೆ. ಕಂಡಕ್ಟರು ಬೈಯುತ್ತಿದ್ದ. ಸೆಪ್ಟೆಂಬರಿನ ಹೊತ್ತಿಗೆ ಕಚೇರಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಹನ್ನೊಂದು ಹೆಸರು ಬರೆದು, ಮುಂದೆ ಬಣ್ಣದ ಪೆನ್ಸಿಲಿನಲ್ಲಿ ಪಟ್ಟೆ ಎಳೆದಿದ್ದೆ. ಹಸಿರು ಪಟ್ಟೆ ಬದುಕಿದ್ದು, ಕಂದು ಪಟ್ಟೆ ಹೋದದ್ದು. ಶಿವಬಸಪ್ಪನವರು ಗೂಡು ಕೊಳ್ಳಲು ಬಂದವರನ್ನೂ ಮೇಲಕ್ಕೆ ಕರೆತಂದು ಅದನ್ನು ತೋರಿಸುತ್ತಿದ್ದರು. ಹತ್ತು ಹೆಸರುಗಳ ಮುಂದೆ ಹಸಿರು ಉದ್ದಕ್ಕೆ ಹೋಗುತ್ತಿತ್ತು. ಕೊನೆಯ ಸಾಲು ಚಿಕ್ಕತಾಯಮ್ಮನದು. ಅದರಲ್ಲಿ ಪ್ರತಿ ತಿಂಗಳೂ ಕಂದು ಬೆಳೆಯುತ್ತಿತ್ತು.

ಪ್ರತಿ ಸಲವೂ ಅವಳು ಚೀಲದ ಎರಡು ಜೇಬನ್ನು ಎರಡು ಮೊರಗಳಿಗೆ ಬೇರೆ ಬೇರೆಯಾಗಿ ಸುರಿಯುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಕೇಳಿದರೆ ಅವಳು ನೆಪ ಹೇಳಬಹುದು, ಆಗ ಲೆಕ್ಕಕ್ಕೆ ಕರುಣೆ ಸೇರಿಕೊಳ್ಳುತ್ತದೆ ಎಂಬ ಭಯ ನನಗೆ. ಅಕ್ಟೋಬರಿನಲ್ಲಿ ಮೊರದ ಮೇಲೆ ಒಂದು ಗುಲಗಂಜಿ ಉರುಳಿತು. ನನ್ನ ಪೆನ್ಸಿಲಿನ ಮೊನೆ ಮುರಿಯಿತು. ಚೂಪು ಮಾಡಿ ಮತ್ತೆ ಬರೆದುಕೊಂಡೆ.

ನವೆಂಬರ್ 26, ಶನಿವಾರ, ಮಧ್ಯಾಹ್ನ ಮೂರಕ್ಕೆ ಸಭೆ. ಚಿಕ್ಕತಾಯಮ್ಮನ ಲೆಕ್ಕ ಓದಿದೆ: ಒಟ್ಟು ಇಪ್ಪತ್ತಾರು ಹೆರಿಗೆ, ಅವರೆ ಹತ್ತೊಂಬತ್ತು, ಹುಣಸೆ ಏಳು, ಗುಲಗಂಜಿ ಒಂದು. ನಂಜಮ್ಮನದು ಇಪ್ಪತ್ತೆರಡು ಅವರೆ, ಒಂದೇ ಹುಣಸೆ. ಇದರಲ್ಲಿ ಚರ್ಚೆಗೆ ಏನಿದೆ? ಶಿವಬಸಪ್ಪನವರು ಮಾತ್ರ ಒಂದು ಸಲ, "ಅವ್ಳು ಕೆಲ್ಸಗೇಡಿ ಥರ ಕಾಣಕಿಲ್ವಲ್ಲಮ್ಮ. ಲೆಕ್ಕ ಸರಿಯಾಗದಾ?" ಎಂದರು. ಮೂರು ಸಲ ಕೂಡಿದ್ದೇನೆ ಎಂದೆ. ಅದು ನಿಜ. ಅವರು ರುಜು ಹಾಕಿದರು. ಪೆಟ್ಟಿಗೆ ವಾಪಸು ತರುವ ಕೆಲಸ ನನ್ನ ಪಾಲಿಗೆ ಬಂತು.

ನವೆಂಬರ್ 29. ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಅವಳ ಊರು ಮುಟ್ಟಿದೆ. ಹುರುಳಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಲ್ಲಿ ಮುಖ ಒರೆಸಿ, ಕುಡಿಯಲು ನೀರು ಕೊಟ್ಟಳು. ನಾನು ನಿಂತೇ ಕಾಗದ ಓದಿದೆ. "ಸಮಿತಿಯ ತೀರ್ಮಾನದಂತೆ ತಾವು ಇನ್ನು ಮುಂದೆ ಸಮಿತಿಯ ಪರವಾಗಿ ಹೆರಿಗೆ ಮಾಡಿಸತಕ್ಕದ್ದಲ್ಲ." ಅವಳು ಅದನ್ನು ಇನ್ನೊಂದು ಸಲ ಓದು ಎಂದಳು. ಓದಿದೆ.

"ಮಾಡುಸ್ಬಾರ್ದು ಅಂತವಾ?"

"ಸಮಿತಿ ಪರವಾಗಿ" ಎಂದೆ. ಆ ಎರಡು ಮಾತಿನ ಅರ್ಥವನ್ನು ಬಿಡಿಸಿ ಹೇಳಲಿಲ್ಲ. ಒಂದೂವರೆಯ ಬಸ್ಸು ತಪ್ಪುತ್ತದೆ ಎಂದು ನನಗೆ ಆತುರ.

ಅವಳು ಒಳಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ಬಂದು ಬಾಗಿಲಲ್ಲಿ ನಿಂತು, "ಇವತ್ತು ಮಂಗ್ಳಾರ ಕಣವ್ವ. ಮನೆಯಿಂದ ಏನೂ ಕೊಡಾಕಿಲ್ಲ. ನಾಳೀಕೆ ಬಂದಿಯಾ?" ಎಂದಳು.

ನಾಳೆ ನನಗೆ ಸಂತೆಮರಹಳ್ಳಿಯ ಎಣಿಕೆ ಇತ್ತು. ಡೈರಿಯಲ್ಲಿ ಬರೆದಾಗಿತ್ತು. ಆಗುವುದಿಲ್ಲ ಎಂದೆ. ಅವಳು ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸಿ ಜಗಲಿಯ ಮೇಲಿಟ್ಟು, ಮುಖ ಆ ಕಡೆ ತಿರುಗಿಸಿ ನಿಂತಳು. "ನಾ ಕೊಡ್ನಿಲ್ಲ. ನೀನೇ ತಕೊಂಡಂಗಾಯ್ತು. ತಕೊ."

ನಾನು ಜಗಲಿಯಲ್ಲಿ ಕೂತು ಒಂಬತ್ತು ಸಾಮಾನನ್ನೂ ಪಟ್ಟಿಗೆ ತಾಳೆ ನೋಡಿದೆ. ಎಲ್ಲ ಇದ್ದವು. ಸೋಪು ಕೂಡ ಸವೆದಷ್ಟು ಸವೆದು ಕಾಗದದಲ್ಲಿ ಸುತ್ತಿತ್ತು. ಅವಳು ತಿರುಗದೆಯೇ, "ಕತ್ರಿ ಒಂದ ಬುಟ್ಟೋಗವ್ವ" ಎಂದಳು.

ಪಟ್ಟಿಯಲ್ಲಿ ಕತ್ತರಿಯೂ ಇದೆ ಎಂದೆ.

ನಾನು ಹೊರಟಾಗ ಹಿಂದಿನಿಂದ ಬಂದು ನನ್ನ ಕೈ ಬಿಡಿಸಿ ಏಳು ಹುಣಸೆ ಬೀಜ ಇಟ್ಟಳು. "ಇವು ನಿಂದೇ ಕಣವ್ವ, ಲೆಕ್ಕದವು. ನನ್ನವಲ್ಲ" ಎಂದಳು. ಅವರೆಕಾಳು, ಗುಲಗಂಜಿ ಯಾವುದನ್ನೂ ಕೊಡಲಿಲ್ಲ. ಒಂದೂವರೆಯ ಬಸ್ಸು ಸಿಕ್ಕಿತು.

ಡಿಸೆಂಬರ್ ಪೂರ್ತಿ ನನಗೆ ಸಮಾಧಾನವಿರಲಿಲ್ಲ. ಕಾರಣ ಗೊತ್ತಿರಲಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ಲೆಕ್ಕ ತೆಗೆದು ನೋಡುವುದು, ಸರಿಯಿದೆಯೆಂದು ಕಂಡು ಮತ್ತೆ ಬಂದು ಕೂರುವುದು. ಮದುವೆ ಮಾಡಿ ಕೊಟ್ಟ ಹುಡುಗಿಯ ಹಾಗೆ ಮನೆಯಲ್ಲಿ ನಿಲ್ಲುವುದೇ ಇಲ್ಲವಲ್ಲ ಎಂದು ಅಮ್ಮ ಗೊಣಗಿದಳು. ಪೆಟ್ಟಿಗೆಯನ್ನು ಹೊಸ ಹಳ್ಳಿಗೆ ಕೊಡುವ ಕೆಲಸ ಸಂಕ್ರಾಂತಿ ಕಳೆಯಲಿ ಎಂದು ನಿಂತಿತ್ತು. ಅದು ನನ್ನ ಮೇಜಿನ ಕೆಳಗೇ ಇತ್ತು, ಕಾಲಿಗೆ ತಾಗುತ್ತಿತ್ತು.

ಜನವರಿ 19, ಗುರುವಾರ ಗುಂಡ್ಲುಪೇಟೆಯ ಎಣಿಕೆ. ನಂಜಮ್ಮ ಛತ್ರಕ್ಕೆ ಬರಲಿಲ್ಲ. ಚೀಲ ಮಾತ್ರ ಇನ್ನೊಬ್ಬಳ ಕೈಯಲ್ಲಿ ಕಳಿಸಿದ್ದಳು. ಮೊರಕ್ಕೆ ಸುರಿದೆ. ಅವರೆ ಐದು, ಹುಣಸೆ ಮೂರು, ಗುಲಗಂಜಿ ಒಂದು. ಐದೂವರೆ ತಿಂಗಳಲ್ಲಿ ಒಂದೇ ಬೀಜ ಬಿದ್ದಿದ್ದ ಕಡೆ ಐವತ್ತೊಂದು ದಿನದಲ್ಲಿ ಮೂರು. ಉಳಿದ ಇಬ್ಬರಲ್ಲೂ ಹುಣಸೆ ಏರಿತ್ತು. ಪೆಟ್ಟಿಗೆ ಅವೇ, ಕೈಗಳು ಅವೇ. ಬದಲಾದದ್ದು ಒಂದೇ.

ಅಲ್ಲಿಂದ ನೇರ ನಂಜಮ್ಮನ ಮನೆಗೆ ನಡೆದೆ. ಹಟ್ಟಿಯ ಮುಂದೆ ಮೊಮ್ಮಗುವಿಗೆ ಎಣ್ಣೆ ಒತ್ತುತ್ತಾ ಕೂತಿದ್ದವಳು ನನ್ನನ್ನು ಕಂಡು ಎದ್ದೇಳಲಿಲ್ಲ.

"ಬಾ ಲೆಕ್ಕದವ್ವ. ಎಣಿಸ್ಕಂಡಾ?"

ಏನಾಯಿತು ಎಂದು ಕೇಳಿದೆ.

"ಏನಾಯ್ತು ಅಂತ ನನ್ನ ಕೇಳಿಯಾ? ಅಡ್ಡಗಟ್ಕಂಡ ಕೂಸು ಅಂದ್ರೆ ಮುಂಚೆ ಚಿಕ್ಕತಾಯಿಗೆ ಆಳು ಕಳುಸ್ತಿದ್ದೊ. ಗಾಡಿ ಕಟ್ಕಂಡು ಬಂದು ಕೈ ಇಕ್ತಿದ್ಲು. ಬದುಕುದ್ರೂ ಅವಳೇ ಕೊಯ್ಯಾದು, ಓದ್ರೂ ಅವಳೇ ಕೊಯ್ಯಾದು. ಈಗ ಯಾರ ಕರೀಲಿ, ಯೋಳು?"

ಕೂಸು ಹೋದರೂ ಅವಳೇ ಏಕೆ ಕೊಯ್ಯಬೇಕು ಎಂದೆ. ನಂಜಮ್ಮ ಎಣ್ಣೆಯ ಕೈಯಲ್ಲೇ ಮಗುವನ್ನು ತೋರಿಸಿದಳು.

"ಮನೇಲಿ ಎಳೇ ಕೂಸ್ಗಳವೆ. ಸತ್ತದ್ರ ಬಳ್ಳಿ ಕೊಯ್ದ ಕೈಲಿ ಅವುಕ್ಕೆ ಎಂಗವ್ವ ನೀರ್ ಉಯ್ಲಿ? ಅವ್ಳೇ ಅಂತಿದ್ಲು, ನಂಗ್ಯಾರವ್ರೆ, ನಂಗೆ ಬುಡ್ರವ್ವ ಅಂತ."

"ಇದನ್ನ ನನಗೆ ಏಕೆ ಹೇಳಲಿಲ್ಲ?"

"ನೀ ಕೇಳುದ್ಯಾ? ಕೊಯ್ದೋರ್ ಯಾರು ಅಂತ ಕೇಳ್ದೆ. ಕರ್ಸುದೋರ್ ಯಾರು ಅಂತ ಕೇಳ್ನಿಲ್ಲ."

ಮಗುವನ್ನು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಗುಲಗಂಜಿಯದನ್ನು ಹೇಳಿದಳು. ಡಿಸೆಂಬರಿನ ಕೊನೆಯಲ್ಲಿ ಒಂದು ಹೆರಿಗೆ. ಎರಡು ದಿನದ ನೋವು. ನಂಜಮ್ಮನಿಗೆ ಕೈ ಸೋತಿತು, ಗಾಡಿ ಕಳಿಸಿದಳು. ಚಿಕ್ಕತಾಯಮ್ಮ ಬಂದಳು. ಆದರೆ ಹೊಸ್ತಿಲು ದಾಟಲಿಲ್ಲ. ಸಮಿತಿಯವರು ಬೇಡ ಅಂದಿದ್ದಾರೆ, ಕಾಗದ ಓದಿ ಹೇಳಿದ್ದಾರೆ, ಮುಟ್ಟಿದರೆ ಇವರ ಪೆಟ್ಟಿಗೆಗಳನ್ನೂ ಕಿತ್ತುಕೊಂಡಾರು ಎಂದಳಂತೆ. ಆಚೆ ಜಗಲಿಯ ಮೇಲೆ ಕೂತು ಗೋಡೆಯ ಆಚೆಯಿಂದಲೇ ಹೇಳಿಕೊಟ್ಟಳು. ಹೀಗೆ ತಿರುಗಿಸು, ಇನ್ನೊಂದು ಚೂರು ತಡಿ, ಈಗ ಅವಳನ್ನು ಎಡಕ್ಕೆ ಮಲಗಿಸು, ಹೀಗೆ.

"ಬಾಯಿ ಒಳೀಕೆ ಬಂತು ಕಣವ್ವ" ಎಂದಳು ನಂಜಮ್ಮ. "ಕೈ ಬರ್ನಿಲ್ಲ."

ಆ ಸಂಜೆ ಚಾಮರಾಜನಗರಕ್ಕೆ ಬಂದವಳು ಮನೆಗೆ ಹೋಗಲಿಲ್ಲ. ಸ್ಟೇಷನ್ನಿಗೆ ಹೋದೆ. ಗಾಡಿ ನಲವತ್ತು ನಿಮಿಷ ತಡವಾಗಿ ಬಂದು ನಿಂತಿತ್ತು. ಅಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ಬಗ್ಗಿ ನೋಡಿದೆ. ತಲುಪಿದ ಹೊತ್ತಿನ ಮುಂದೆ ಇನ್ನೊಂದು ಕಾಲಂ. ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅದರಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು. ವರ್ಷಗಳಿಂದ ನನ್ನ ಕಣ್ಣೆದುರೇ ಇದ್ದ ಕಾಲಂ. ಪ್ಲಾಟ್‌ಫಾರಂ ಮೇಲೆ ಎಷ್ಟು ಸಲ ಓಡಾಡಿದೆನೋ ಆ ದಿನ ಎಣಿಸಲಿಲ್ಲ.

ಮಾರನೇ ದಿನ ಅಂಗಡಿಗೆ ಹೋಗಿ ಶಿವಬಸಪ್ಪನವರಿಗೆ ಎಲ್ಲ ಹೇಳಿದೆ. ಗೂಡು ಆರಿಸುತ್ತಿದ್ದವರು ಕೈ ನಿಲ್ಲಿಸಿದರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಮ್ಮುಡುಗಿ ಹೆರಿಗೇಲಿ ಕರ್ಸನ ಅಂದ್ರೆ ಅಂಥೋಳು ಒಬ್ಳೂ ಇರ್ನಿಲ್ಲ ಕಣಮ್ಮ" ಎಂದರು. ಆಮೇಲೆ ಕೇಳಿದರು, "ಆ ನಿಯಮ ಮಾಡ್ದೋರ್ ಯಾರು?"

"ನಾನು."

"ರುಜು ಹಾಕ್ದೋನು ನಾನು. ಭಾನ್ವಾರ ಪೆಟ್ಟಿಗೆ ತಕೊಂಡು ಇಬ್ರೂವೆ ಹೋಗನ."

ಜನವರಿ 22. ಅಲ್ಲಿಯವರೆಗೂ ಪೆಟ್ಟಿಗೆಯನ್ನು ಅವರೇ ಹೊತ್ತುಕೊಂಡು ನಡೆದರು, ನನ್ನ ಕೈಗೆ ಕೊಡಲಿಲ್ಲ. ದಾರಿಯಲ್ಲಿ ಹುರುಳಿ ಕಿತ್ತ ಹೊಲಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಚಿಕ್ಕತಾಯಮ್ಮನ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ಸಂಕ್ರಾಂತಿ ಕಳೆದ ಮಾರನೇ ದಿನವೇ ತಂಗಿ ಮಗನ ಜೊತೆ ವೈನಾಡಿನ ಕಡೆ ಕಾಫಿ ಕುಯ್ಯಲು ಹೋದಳು ಎಂದಳು. ಯಾವ ತೋಟ ಎಂದು ಗೊತ್ತಿಲ್ಲ. ಯಾವಾಗ ಬರುತ್ತಾಳೆ ಎಂದು ಹೇಳಿಲ್ಲ. ಶಿವಬಸಪ್ಪನವರು ಪೆಟ್ಟಿಗೆಯನ್ನು ಅದೇ ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತರು. ಹತ್ತು ನಿಮಿಷದಲ್ಲಿ ಊರ ಹೆಂಗಸರು ಕೂಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕೂಸಿನ ಲೆಕ್ಕ ಹೇಳಿದರು, ಕೆಲವರು ಎತ್ತಿಕೊಂಡೇ ಬಂದಿದ್ದರು. ಆ ಊರಿನಲ್ಲಿ ಆ ಆರು ತಿಂಗಳಲ್ಲಿ ಹುಟ್ಟಿದ್ದು ಹದಿನಾಲ್ಕು. ಹದಿನಾಲ್ಕೂ ಬದುಕಿದ್ದವು. ಏಳು ಬೀಜದಲ್ಲಿ ಒಂದೂ ಆ ಊರಿನದಾಗಿರಲಿಲ್ಲ. ಇಪ್ಪತ್ತಾರರಲ್ಲಿ ಉಳಿದ ಹನ್ನೆರಡು, ಬೇರೆ ಊರಿನವರು ಅವಳನ್ನು ಕರೆಸಿಕೊಂಡವು. ಬೇರೆಯವರು ಕೈ ಬಿಟ್ಟ ಆ ಹನ್ನೆರಡರಲ್ಲಿ ಐದನ್ನು ಅವಳು ಉಳಿಸಿದ್ದಳು.

ವಾಪಸು ಬಂದ ಮೇಲೆ ಶಿವಬಸಪ್ಪನವರು ಕಚೇರಿಯ ಗೋಡೆಯ ಹಾಳೆಯನ್ನು ತಾವೇ ಕಿತ್ತರು. ಆಮೇಲೆ ಸಮಿತಿ ಯಾರ ಪೆಟ್ಟಿಗೆಯನ್ನೂ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಹೊಸ ನಮೂನೆ ಮಾಡಿದೆ. "ಕೊಯ್ದವರು" ಎಂಬುದರ ಮುಂದೆ "ಕರೆಸಿದವರು" ಎಂಬ ಇನ್ನೊಂದು ಕಾಲಂ. ಚೀಲಕ್ಕೆ ಮೂರನೇ ಜೇಬು ಹೊಲಿದೆ. ಇನ್ನೊಬ್ಬಳನ್ನು ಹೊತ್ತಿಗೆ ಸರಿಯಾಗಿ ಕರೆಸಿದವಳೂ ಅದರಲ್ಲಿ ಒಂದು ಕಾಳು ಹಾಕಿಕೊಳ್ಳಬಹುದು, ಅದು ಅವಳಿಗೆ ಗೌರವದ ಕಾಳು. ಅದು ಚೆನ್ನಾಗಿ ನಡೆಯಿತು, ಈಗಲೂ ನಡೆಯುತ್ತಿದೆ ಎಂದು ಕೇಳಿದ್ದೇನೆ. ಆದರೆ ಕರೆಸಿದರೆ ಬರುವವಳೇ ಇರಲಿಲ್ಲ. ವೈನಾಡಿನ ತೋಟಗಳಿಗೆ ಒಂಬತ್ತು ಕಾಗದ ಬರೆದೆ. ಎರಡಕ್ಕೆ ಉತ್ತರ ಬಂತು, ಅಂಥವರು ಇಲ್ಲಿಲ್ಲ ಎಂದು. 1957ರಲ್ಲಿ ಶಾಲೆಯ ಕೆಲಸ ಸಿಕ್ಕಿ ಸಮಿತಿ ಬಿಟ್ಟೆ. ಪೆಟ್ಟಿಗೆ ಅವಳದೇ, ನಿನ್ನ ಹತ್ತಿರವೇ ಇರಲಿ ಎಂದು ಶಿವಬಸಪ್ಪನವರು ಕೊಟ್ಟರು. ತಿಂಗಳ ಮೊದಲ ಭಾನುವಾರ ಕತ್ತರಿಗೆ ಹರಳೆಣ್ಣೆ ಸವರುತ್ತೇನೆ.

ಆ ಏಳು ಬೀಜಗಳಿಗೂ ಒಂದೊಂದು ಚೀಟಿ ಕಟ್ಟಿಟ್ಟಿದ್ದೇನೆ. ಮೂರು ವರ್ಷದಲ್ಲಿ ಕೇಳಿ ಕೇಳಿ ಐದರ ಮನೆ ಗೊತ್ತಾಗಿದೆ. ಕರೆಸಿದವರ ಹೆಸರು ಆ ಚೀಟಿಗಳಲ್ಲಿದೆ. ಅದರಲ್ಲೊಂದು ಮನೆಯದೇ ಅಕ್ಟೋಬರಿನ ಆ ಗುಲಗಂಜಿಯೂ. ಎರಡು ಚೀಟಿ ಖಾಲಿ ಇವೆ. ಬಂಡೀಪುರದ ಅಂಚಿನ ಯಾವುದೋ ಕಾಡುಜನರ ಹಾಡಿಯಿಂದಲೋ ಒಂಟಿ ಮನೆಯಿಂದಲೋ ಬಂದು ಕರೆದುಕೊಂಡು ಹೋಗಿರಬೇಕು.

ಇದನ್ನು ಓದುವವರಲ್ಲಿ ಯಾರಾದರೂ, ವೈನಾಡಿನ ಕಡೆಯಲ್ಲೋ ಘಟ್ಟದ ಬೇರೆ ಕಡೆಯಲ್ಲೋ, ಎಡಗೈ ಕಿರುಬೆರಳು ಮಡಚಿಕೊಂಡಿರುವ ಐವತ್ತೈದರ ಆಸುಪಾಸಿನ ಚಿಕ್ಕತಾಯಮ್ಮ ಎಂಬಾಕೆಯನ್ನು ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಒಂದು ಸಾಲು ಬರೆಯಿರಿ. ಪೆಟ್ಟಿಗೆಯನ್ನು ನಾನೇ ತಂದು ಕೊಡುತ್ತೇನೆ, ಮಂಗಳವಾರ ಬಿಟ್ಟು ಯಾವ ದಿನವಾದರೂ. 1955ರ ಮಳೆಗಾಲದಲ್ಲಿ ಅವಳನ್ನು ಕರೆಸಿ, ಕೂಸು ಉಳಿಯದೇ ಹೋದ ಆ ಎರಡು ಮನೆಯವರು ಯಾರಾದರೂ ಇದ್ದರೆ, ಅಥವಾ ಅವರನ್ನು ಬಲ್ಲವರಿದ್ದರೆ, ಅವರೂ ಬರೆಯಲಿ. ಕರೆಸಿದವರು ಯಾರು ಎಂದಷ್ಟೇ ತಿಳಿಸಿದರೆ ಸಾಕು. ತಾರೀಖು ನೆನಪಿಲ್ಲದಿದ್ದರೂ ಅಡ್ಡಿಯಿಲ್ಲ.